ಮೂರು ಕೈ ಸುರಿದ ಆಯಿಲ್

ಅಕ್ಕಾ,
ಮರಳುಗುಡ್ಡದ ನೆತ್ತಿಯಿಂದ ಬರೆಯುತ್ತಿದ್ದೇನೆ. ನಗು ತಡೆಯಲಾಗದೆ ಅಕ್ಷರ ಕುಣಿದಿದ್ದರೆ ಬೈಯಬೇಡ. ಕಲ್ಲುಮಣ್ಣು ಪರೀಕ್ಷಿಸಲು ಹೊರಟ ನಮ್ಮ ಜೀಪು ಇವತ್ತು ಅರ್ಧ ಏರಿನಲ್ಲೇ ಕಾದು ಕೆಂಡವಾಯಿತು. ಡೇರೆ, ಕುಡಿಯುವ ನೀರು ಎಲ್ಲ ಗುಡ್ಡದಾಚೆ. ರೇಡಿಯೇಟರ್ ತುಂಬಿತ್ತು, ಫ್ಯಾನೂ ತಿರುಗುತ್ತಿತ್ತು. ಎಂಜಿನ್ ಆರಿದ ಮೇಲೆ ಆಯಿಲ್ ಮಟ್ಟ ಅಳೆಯುವ ಕಡ್ಡಿ ಎಳೆದು ನೋಡಿದರೆ ಗುರುತಿಗಿಂತ ಎರಡು ಬೆರಳು ಮೇಲಿದೆ, ಬರೀ ನೊರೆ. ಆಯಿಲ್ ಹೆಚ್ಚಾಗಿ ನೊರೆಯೆದ್ದರೂ ಎಂಜಿನ್ ಕಾಯುತ್ತದಂತೆ.

"ಬೆಳಿಗ್ಗೆ ನಾನೇ ಸ್ವಲ್ಪ ಹಾಕಿದ್ದೆ," ಎಂದ ಡ್ರೈವರಣ್ಣ.

"ಅಯ್ಯೋ, ನಾನೂ ಹಾಕಿದ್ನಲ್ಲಪ್ಪ," ಎಂದರು ತಂಡದ ಹಿರಿಯರಾದ ಮೇಡಂ.

ನಾನು ಮರಳು ನೋಡತೊಡಗಿದೆ. ದಾರಿಯಲ್ಲಿ ಜೀಪು ಕೈಕೊಡಬಾರದೆಂದು ಮೂವರೂ ಒಬ್ಬರಿಗೊಬ್ಬರು ಹೇಳದೆ ಸುರಿದಿದ್ದೆವು, ಮನೆಯಲ್ಲಿ ನೀನು, ಅಮ್ಮ, ನಾನು ಒಂದೇ ಪಾತ್ರೆಗೆ ಉಪ್ಪು ಹಾಕಿದ ಹಾಗೆ. ಹೆಚ್ಚಾದದ್ದನ್ನು ಡಬ್ಬಿಗೆ ಬಸಿದ ಮೇಲೆ ಜೀಪು ಮೇಕೆಯಂತೆ ಗುಡ್ಡ ಹತ್ತಿತು.

ಬಿಸಿಲಿಗೆ ಮೂಗು ಸುಲಿದಿದೆ, ಉಳಿದಂತೆ ಗಟ್ಟಿಮುಟ್ಟಾಗಿದ್ದೇನೆ, ಅಮ್ಮನಿಗೆ ಹೇಳು. ಇನ್ನು ಡ್ರೈವರಣ್ಣನ ಹೊರತು ಯಾರೂ ಆಯಿಲ್ ಮುಟ್ಟಕೂಡದೆಂದು ಆಣೆ ಮಾಡಿಕೊಂಡಿದ್ದೇವೆ. ಆದರೆ ಇದೀಗ ಮೇಡಂ ಟವೆಲಿನಲ್ಲಿ ಡಬ್ಬಿಯಂಥದ್ದೇನನ್ನೋ ಮುಚ್ಚಿಕೊಂಡು ಬಾನೆಟ್ಟಿನ ಕಡೆ ಬೆಕ್ಕಿನ ಹೆಜ್ಜೆ ಇಡುತ್ತಿದ್ದಾರೆ. ಇಷ್ಟು ಸಾಕು, ನಾನು ಓಡಬೇಕು.

ನಿನ್ನ ತಂಗಿ