ಸಾಣೆ ಹಿಡಿದುಕೊಟ್ಟ ತಪ್ಪಿಗೆ ಹೆಸರು ಹೋಯಿತು

ಟ್ರೇಡ್‌ಮಾರ್ಕ್ ನೋಂದಣಿಯ ಮಾನ್ಯ ಅಧಿಕಾರಿಗಳೇ,

ನನ್ನ ಅಮ್ಮನ ಹೆಸರನ್ನು ಕದ್ದವನ ಕೈಯಲ್ಲಿ ನೀವು ಸರ್ಕಾರಿ ಮುದ್ರೆಯ ಪ್ರಮಾಣಪತ್ರ ಇಟ್ಟಿದ್ದೀರಿ. ಅದನ್ನು ರದ್ದು ಮಾಡಿ ಎಂದು ನಿಮ್ಮ ಮುಂದೆ ಬಂದವಳನ್ನು ಬರಿಗೈಯಲ್ಲಿ ಕಳುಹಿಸಿದ್ದೀರಿ. ಈಗ ಆ ಮಹಾನುಭಾವ ಅದೇ ಪ್ರಮಾಣಪತ್ರ ಹಿಡಿದು, ಅಮ್ಮ ತನ್ನ ಹೆಸರನ್ನು ತಾನೇ ಬಳಸಬಾರದೆಂದು ನೋಟಿಸು ಕಳುಹಿಸಿದ್ದಾನೆ. ಕಾನೂನು ಕುರುಡು ಎಂದು ಕೇಳಿದ್ದೆ. ಅದಕ್ಕೆ ಕಿವಿಯೂ ಇಲ್ಲವೆಂದು ನಿಮ್ಮ ಕಚೇರಿಗೆ ಬಂದ ಮೇಲೆ ಗೊತ್ತಾಯಿತು.

ನಿಮ್ಮ ಮೇಜಿನ ಮೇಲೆ ದಿನವೂ ಹತ್ತಾರು ಹೆಸರುಗಳು ಬಂದು ಬೀಳುತ್ತವೆ, ನಮ್ಮದು ನೆನಪಿರಲಿಕ್ಕಿಲ್ಲ. ನಮ್ಮದು ದರ್ಜಿಗಳ ಕತ್ತರಿ ಮಾಡುವ ಮನೆ. ಕೆಳಗೆ ಕುಲುಮೆ, ಸಾಣೆಚಕ್ರ; ಮೇಲೆ ಸಂಸಾರ. ಸಾಣೆಗೆ ಬಂದ ಕತ್ತರಿಯ ಅಲಗಿನ ಮೇಲೆ ಅಮ್ಮ ಹೆಬ್ಬೆರಳು ಆಡಿಸಿದರೆ ಸಾಕು, ಅದರಲ್ಲಿ ಯಾರೋ ಕಾಗದ ಕತ್ತರಿಸಿದ್ದಾರೆಂದು ತಿಳಿದುಬಿಡುತ್ತದೆ. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಶುರು: "ಬಟ್ಟೆ ಕತ್ತರೀಲಿ ಕಾಗದ ಕತ್ತರಿಸಿದ್ದೀಯಲ್ಲೋ! ಹರಿತ ಎಷ್ಟು ಉಳಿದಿದೆ ಅಂತ ನಿನ್ನ ಮೂಗಿನ ಮೇಲೇ ನೋಡ್ಲಾ?" ಬೈಸಿಕೊಂಡ ದರ್ಜಿಗಳೇ ಅಮ್ಮನಿಗೂ ನಮ್ಮ ಕತ್ತರಿಗೂ 'ಗಯ್ಯಾಳಿ' ಎಂದು ಹೆಸರಿಟ್ಟರು. ಅಮ್ಮನಿಗೆ ಸಿಟ್ಟು ಬರಲಿಲ್ಲ, ಹೆಮ್ಮೆ ಬಂತು. ಅಪ್ಪನಿಂದ ಆ ಹೆಸರನ್ನೇ ಹಿಡಿಯ ಬುಡದಲ್ಲಿ ಕೆತ್ತಿಸಿದಳು. ಅಪ್ಪ ತೀರಿಹೋಗಿದ್ದಾನೆ. ಅವನ ಕೈಬರಹದಲ್ಲಿ ನಮಗೆ ಉಳಿದಿರುವುದು ಆ ಮೂರು ಅಕ್ಷರ ಮಾತ್ರ.

ನಮ್ಮ ಮನೆಗೆ ಒಂದು ಕಟ್ಟಳೆ ಇದೆ. ನಮ್ಮ ಹೆಸರು ಹೊತ್ತ ಕತ್ತರಿ ಯಾರ ಕೈಯಿಂದ ಬಂದರೂ, ಎಷ್ಟು ಸಲ ಬಂದರೂ, ಪುಕ್ಕಟೆ ಸಾಣೆ. "ಹೆಸರು ಹಾಕಿದ ಮೇಲೆ ಅದು ಸಾಯೋವರೆಗೂ ನಮ್ಮದೇ ಕಣೇ," ಎನ್ನುತ್ತಾಳೆ ಅಮ್ಮ. ನಿಮ್ಮ ಕಾಯ್ದೆಯಲ್ಲಿ ಇದಕ್ಕೆ ಯಾವ ಕಲಮು ಇದೆಯೋ ಕಾಣೆ. ನಮ್ಮ ಕಾಯ್ದೆ ಇಷ್ಟೇ.

ಇನ್ನು ಆ ಸಗಟು ವ್ಯಾಪಾರಿಯ ವಿಷಯ. ವರ್ಷಗಟ್ಟಲೆ ನಮ್ಮ ಕತ್ತರಿಯನ್ನೇ ದೂರದೂರದ ಅಂಗಡಿಗಳಿಗೆ ಒಯ್ದು ಮಾರಿದವನು ಅವನು. ನಮ್ಮ ಹಜಾರದಲ್ಲಿ ಕೂತು, ಅಕ್ಕಾ ಅಕ್ಕಾ ಎನ್ನುತ್ತ ಊಟ ಮಾಡಿದವನು. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೆವು, ಇವನು ಜಂತೆ ಕಿತ್ತುಕೊಂಡೇ ಹೋದ. ಇದ್ದಕ್ಕಿದ್ದಂತೆ ನಮ್ಮಿಂದ ಮಾಲು ಕೊಳ್ಳುವುದನ್ನು ನಿಲ್ಲಿಸಿದ. ಸ್ವಲ್ಪ ದಿನಕ್ಕೆ ಸಾಣೆಗೆ ಬರತೊಡಗಿದವು ತಗಡಿನಂಥ ಕತ್ತರಿಗಳು: ಕೀಲು ಸಡಿಲ, ಅಲಗು ಮೆತ್ತಗೆ, ಹಿಡಿಯ ಬುಡದಲ್ಲಿ ಮಾತ್ರ ಅಪ್ಪನ ಅಕ್ಷರದ ತದ್ರೂಪು.

ನಾನು ಕಿರುಚಿದೆ. "ಅಮ್ಮಾ, ಮುಟ್ಟಬೇಡ. ಇದು ನಮ್ಮದಲ್ಲ."

"ನಮ್ಮದಲ್ಲ ಅಂತ ನಂಗೆ ಗೊತ್ತಿಲ್ವಾ? ಕೊಂಡವನಿಗೆ ಗೊತ್ತಿಲ್ವಲ್ಲ. ನನ್ನ ಹೆಸರು ನೋಡಿ ತಾನೇ ದುಡ್ಡು ಕೊಟ್ಟಿದ್ದಾನೆ? ಕೊಡು ಇಲ್ಲಿ," ಎಂದು ಕಿತ್ತುಕೊಂಡಳು. ಕದ್ದವನ ವಂಶವನ್ನೆಲ್ಲ ಜಾಲಾಡುತ್ತ ಸಾಣೆ ಹಿಡಿದಳು. ವರ್ಷಗಳ ಕಾಲ ಹಿಡಿದಳು. ನಾವು ಮಾಡಿದ ಅಪರಾಧ ಇದೇ ಎಂದು ನಿಮ್ಮ ವಿಚಾರಣೆಯಲ್ಲಿ ತಿಳಿಯಿತು.

ಎದುರು ಪಕ್ಷದ ವಕೀಲರು ಅಂದು ಎಷ್ಟು ಮೃದುವಾಗಿ ಕೇಳಿದರು! "ನಮ್ಮ ಕಕ್ಷಿದಾರರ ಕತ್ತರಿ ನಿಮ್ಮಲ್ಲಿಗೆ ಬಂದಾಗ ಏನು ಮಾಡ್ತಿದ್ರಿ ತಾಯಿ?"

"ಸಾಣೆ ಹಿಡಿದು ಕೊಡ್ತಿದ್ದೆ."

"ಅಂದ್ರೆ ವಿಷಯ ಗೊತ್ತಿತ್ತು. ಆದ್ರೂ ಸುಮ್ನಿದ್ರಿ."

"ಸುಮ್ನೆ ಎಲ್ಲಿದ್ದೆ? ಬಾಯಿ ನೋಯೋ ಹಾಗೆ ಬೈದಿದ್ದೀನಿ!"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನೀವೂ ನಕ್ಕಿರಿ, ನಾನು ನೋಡಿದೆ. ನಕ್ಕು ಮುಗಿಸಿ, ತಿಳಿದೂ ತಿಳಿದೂ ಇಷ್ಟು ಕಾಲ ಆಕ್ಷೇಪಿಸದೆ ಇದ್ದುದರಿಂದ ಇದು ಮೌನ ಸಮ್ಮತಿ ಎಂದು ಆದೇಶ ಬರೆದಿರಿ. ಸ್ವಾಮಿ, ಬೀದಿಗೆ ಬೀದಿಯೇ ಗಯ್ಯಾಳಿ ಎಂದು ಕರೆದ ಹೆಂಗಸಿನ ಮೇಲೆ ಮೌನದ ಆರೋಪವೇ? ಅವಳು ಬೈದದ್ದು ಮೂರು ಬೀದಿಗೆ ಕೇಳಿಸಿತ್ತು. ಮುದ್ರಾಂಕದ ಕಾಗದದ ಮೇಲೆ ಬೈಯಲಿಲ್ಲ ಎಂಬುದೇ ನಿಮ್ಮ ತಕರಾರಾದರೆ ಹಾಗೆಂದು ಬರೆಯಬಹುದಿತ್ತು. ಸಮ್ಮತಿ ಎಂಬ ಮಾತನ್ನು ಅವಳ ಬಾಯಿಗೆ ತುರುಕಲು ನಿಮಗೆ ಅಧಿಕಾರ ಕೊಟ್ಟವರು ಯಾರು? ದುರುದ್ದೇಶದಿಂದ ನೋಂದಣಿ ಪಡೆದವನಿಗೆ ಮೌನ ಸಮ್ಮತಿಯ ರಕ್ಷಣೆ ಸಿಗುವುದಿಲ್ಲ ಎಂದು ನಮ್ಮ ವಕೀಲರು ಕಾಯ್ದೆಯನ್ನೇ ಓದಿ ಹೇಳಿದರು. ಆಗ ನೀವು ಗಡಿಯಾರ ನೋಡುತ್ತಿದ್ದಿರಿ. ನಮ್ಮ ಮಾಲನ್ನೇ ಮಾರುತ್ತಿದ್ದವನಿಗೆ ನಮ್ಮ ಹೆಸರು ಕನಸಿನಲ್ಲಿ ಹೊಳೆಯಿತೇ? ಅಪ್ಪನ ಕೈಬರಹವೂ ಅದೇ ಕನಸಿನಲ್ಲಿ ಬಂತೇ? ಈ ಪ್ರಶ್ನೆಯನ್ನು ನೀವು ಅವನಿಗೆ ಕೇಳಲೇ ಇಲ್ಲ.

ಈಗ ನಮ್ಮ ವಕೀಲರು ಇನ್ನೊಂದು ಮಾತು ಹೇಳಿದ್ದಾರೆ. ಇನ್ನು ಆ ವ್ಯಾಪಾರಿಯ ಕತ್ತರಿಯನ್ನು ಮುಟ್ಟಿದರೆ ಅದೂ ಸಮ್ಮತಿಗೆ ಸಾಕ್ಷಿಯಾಗುತ್ತದಂತೆ. ನಿನ್ನೆ, ಹೊಲಿಗೆಯಿಂದಲೇ ಮನೆ ನಡೆಸುವ ಹೆಂಗಸೊಬ್ಬಳು ಮೊಂಡಾದ ಕತ್ತರಿ ಹಿಡಿದು ಬಂದಳು. "ನಿಮ್ಮ ಹೆಸರು ನೋಡಿಯೇ ತಗೊಂಡೆ ಅಮ್ಮ, ಒಂದು ಬಟ್ಟೇನೂ ಕತ್ತರಿಸ್ತಿಲ್ಲ," ಎಂದಳು. ಅಮ್ಮ ಕೈ ಚಾಚಿದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ಆಗಲ್ಲಮ್ಮ, ಹೋಗು," ಎಂದಳು. ಬೈಯಲಿಲ್ಲ. ಆ ಹೆಂಗಸು ಹೋದ ಮೇಲೆ ಚಕ್ರದ ಮುಂದೆ ಮಾತಿಲ್ಲದೆ ಕೂತುಬಿಟ್ಟಳು. ನನಗೆ ಬುದ್ಧಿ ಬಂದಾಗಿನಿಂದ ಅಮ್ಮ ಮೌನವಾಗಿದ್ದುದನ್ನು ನಾನು ಕಂಡದ್ದು ನಿನ್ನೆಯೇ. ನಿಮ್ಮ ಆದೇಶದಲ್ಲಿ ಬರೆದ ಮೌನ ಅಂತೂ ನಿಜವಾಯಿತು, ಅಭಿನಂದನೆಗಳು.

ಈಗ ನನ್ನ ಬೇಡಿಕೆ. ಆದೇಶವನ್ನು ಮರುಪರಿಶೀಲನೆಗೆ ತೆಗೆದುಕೊಳ್ಳಿ. ಆ ವ್ಯಾಪಾರಿಯನ್ನು ಕರೆಸಿ, ಹೆಸರು ಎಲ್ಲಿಂದ ತಂದೆಯೆಂದು ಎದುರಿಗೆ ಕೂರಿಸಿ ಕೇಳಿ. ಉತ್ತರ ಕೇಳಿದ ಮೇಲೆ ನೋಂದಣಿ ರದ್ದು ಮಾಡಿ. ಅದು ನಿಮ್ಮಿಂದಾಗದಿದ್ದರೆ ಆದೇಶದ ಕೊನೆಗೆ ಒಂದು ಸಾಲು ಸೇರಿಸಿ: ಈ ಹೆಸರಿನ ಪ್ರತಿಯೊಂದು ಕತ್ತರಿಯನ್ನೂ ಅದು ಸಾಯುವವರೆಗೆ ಪ್ರಮಾಣಪತ್ರ ಪಡೆದವನೇ ಸಾಣೆ ಹಿಡಿದು ಕೊಡತಕ್ಕದ್ದು. ಆ ಸಾಲು ಓದಿದ ದಿನವೇ ಅವನು ಹೆಸರನ್ನು ನಮ್ಮ ಬಾಗಿಲಲ್ಲಿ ಬಿಸಾಡಿ ಓಡಿಹೋಗುತ್ತಾನೆ.

ಇಂತಿ,
ಸಮ್ಮತಿಯಿಲ್ಲ ಎಂದು ಈ ಮೂಲಕ ಲಿಖಿತವಾಗಿ ಕೂಗುತ್ತಿರುವ,
ಗಯ್ಯಾಳಿಯ ಮಗಳು
(ಈ ಸಹಿಯೂ ಉಲ್ಲಂಘನೆಯಾದರೆ ನೋಟಿಸನ್ನು ಕುಲುಮೆಯ ವಿಳಾಸಕ್ಕೇ ಕಳುಹಿಸಿ, ಬೆಂಕಿ ಹೊತ್ತಿಸಲು ಕಾಗದ ಬೇಕಾಗಿದೆ.)