ಭಾವನ ಸೆಟ್ಟಿನಲ್ಲಿ ನನ್ನ ನಂಬರ್

ಮಾರ್ಚ್ 2, ಬೆಳಿಗ್ಗೆ 6
ರೇಡಿಯೋ ಟೆಸ್ಟ್. ಎಂದಿನಂತೆ ಮೊದಲ ಕರೆ ಭಾವನ ಬೋಟಿಗೆ — "ಯಾರಲ್ಲಿ! ಕಡಲನ್ನು ಕೆಣಕಲು ಹೊರಟ ವೀರನಾರು!"

"ಕಿವಿ ತೂತಾಗುತ್ತೆ ಮಾರಾಯ. ಅದು ಮೈಕು, ಸ್ಟೇಜಲ್ಲ."

ಅಕ್ಕನ ಗಂಡ. ನಾಟಕದಲ್ಲಿ ನಾನು ಮಾತು ಮರೆತರೆ ಪರದೆಯ ಹಿಂದಿನಿಂದ ಎತ್ತಿಕೊಡುತ್ತಿದ್ದವರು. ಅವರದು, ನನ್ನದು, ಎರಡೂ ಮೀನು ಬೋಟಿಗೆ ಹೊಸ ಡಿಜಿಟಲ್ ರೇಡಿಯೋ ಸೆಟ್. ಅಪಾಯ ಬಂದಾಗ ಮುಚ್ಚಳ ಎತ್ತಿ ಕೆಂಪು ಗುಂಡಿ ಐದು ಸೆಕೆಂಡ್ ಒತ್ತಿದರೆ ಬೋಟಿನ ನಂಬರ್, ಇರುವ ಜಾಗ, ಎಲ್ಲವೂ ಸುತ್ತಲಿನ ಸೆಟ್ಟುಗಳಿಗೆ ಹೋಗುತ್ತದೆ. ಯಾರಾದರೂ ಓಗೊಡುವ ತನಕ ಮತ್ತೆ ಮತ್ತೆ. ಭಾವನಿಗೆ ಕಲಿಸಿದ್ದು ನಾನೇ.

ಮಾರ್ಚ್ 9, ಆಸ್ಪತ್ರೆ
ಪೆನ್ನು ಹಿಡಿಯಲು ಇವತ್ತು ಕೈ ಬಂತು.
ಮೂರನೇ ತಾರೀಕು ಮಧ್ಯಾಹ್ನ. ತಳ ಒಡೆದು ನೀರು ನುಗ್ಗಿತು. ಗುಂಡಿ ಒತ್ತಿದೆ. ಮೈಕಿನಲ್ಲೂ ಕೂಗಿದೆ. ಭಾವನ ಬೋಟ್ ಕಣ್ಣೆದುರೇ ಇತ್ತು... ಅರ್ಧ ಗಂಟೆಯ ದಾರಿ. ಬರಲಿಲ್ಲ. ಐದೂವರೆಗೆ ಯಾವುದೋ ದೂರದ ಹಡಗು ಬಂದು ನಮ್ಮನ್ನು ಎತ್ತಿತು. ಬೋಟ್ ಮುಳುಗಿತ್ತು. ನನ್ನ ಎಂಜಿನ್ ಡ್ರೈವರ್ ಪಕ್ಕದ ವಾರ್ಡಿನಲ್ಲಿ. ಇನ್ನೂ ಕಣ್ಣು ಬಿಟ್ಟಿಲ್ಲ.
ಭಾವ ಬಂದು ಅತ್ತರು. "ಸೆಟ್ ಕೆಟ್ಟಿತ್ತು ಕಣೋ. ಕೀಂ ಅನ್ನಲಿಲ್ಲ." ನಾನೇ ಸಮಾಧಾನ ಮಾಡಿದೆ.

ಮಾರ್ಚ್ 14
ಕೆಟ್ಟ ಸೆಟ್ಟನ್ನು ಸರಿ ಮಾಡಿಕೊಡೋಣವೆಂದು, ದಡದ ದಕ್ಕೆಯಲ್ಲಿ ಕಟ್ಟಿದ್ದ ಭಾವನ ಬೋಟ್ ಹತ್ತಿದೆ. ಸ್ವಿಚ್ ಹಾಕಿದೆ. ಏನೂ ಕೆಟ್ಟಿಲ್ಲ! ಬಂದ ಕರೆಗಳ ಪಟ್ಟಿ ತೆರೆದೆ. ಮಾರ್ಚ್ 3. 2:10 — ನನ್ನ ಬೋಟಿನ ಒಂಬತ್ತು ಅಂಕಿಯ ನಂಬರ್. 2:14 — ನಾನೇ. 2:18 — ನಾನೇ. ಮೂರನ್ನೂ ತೆರೆದು ನೋಡಿದ ಗುರುತು. ಆಮೇಲೆ ಖಾಲಿ. ಸೆಟ್ಟನ್ನೇ ಆಫ್ ಮಾಡಿದ್ದಾನೆ. ಬಂದ ಕರೆ ಸೆಟ್ಟಿನೊಳಗೇ ಉಳಿಯುತ್ತದೆ ಎಂಬುದೊಂದನ್ನು ನಾನು ಕಲಿಸಿರಲಿಲ್ಲ.
ಭಾವ ಬಾಗಿಲಲ್ಲೇ ನಿಂತಿದ್ದ.

"ಬಲೆ ನೀರಲ್ಲಿತ್ತು, ಕಡಿದು ಬರಬೇಕಾಗಿತ್ತು... ನೀನು ಯಾವಾಗಲೂ ನಾಟಕ ಆಡ್ತೀಯಲ್ಲ, ಇದೂ ಹಾಗೇ ಅಂದ್ಕೊಂಡೆ."

"ಗುಂಡಿಗೆ ನಾಟಕ ಬರುತ್ತೇನೋ!" ದಕ್ಕೆಗೆ ದಕ್ಕೆಯೇ ತಿರುಗಿ ನೋಡಿತು.

"ಮೆಲ್ಲಗೆ. ನಿನ್ನ ಅಕ್ಕನಿಗೆ ಗೊತ್ತಿಲ್ಲ."

ಮಾರ್ಚ್ 16
ಡ್ರೈವರ್ ಹೋದ.

ಮಾರ್ಚ್ 19, ಬೆಳಿಗ್ಗೆ 10:40
ಬಂದರು ಕಚೇರಿಯ ಬೆಂಚು. ಇವತ್ತು ಬೋಟ್ ಮುಳುಗಿದ್ದರ ವಿಚಾರಣೆ. ಎಡಕ್ಕೆ ಅಕ್ಕ. "ಅವರ ಸೆಟ್ ಕೆಟ್ಟಿತ್ತು ಅಂತ ನೀನೂ ಒಂದು ಮಾತು ಹೇಳ್ಬಿಡಪ್ಪ. ಇಲ್ಲಾಂದ್ರೆ ಲೈಸೆನ್ಸ್ ಹೋಗುತ್ತಂತೆ." ಅಕ್ಕನ ಬಾಯಲ್ಲಿ ಅವನ ಮಾತು! ಇಲ್ಲಿಯೂ ಪರದೆಯ ಹಿಂದಿನಿಂದಲೇ.
ಬಲಕ್ಕೆ ಡ್ರೈವರನ ಹೆಂಡತಿ. ಈಗಷ್ಟೇ ಕೇಳಿದಳು — "ಅಣ್ಣಾ, ಸುತ್ತಮುತ್ತ ಒಂದು ಬೋಟೂ ಇರಲಿಲ್ವಾ?"
ಬರೆಯುತ್ತಾ ಕುಳಿತಿದ್ದೇನೆ. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದಾರೆ. ಒಳಗಿನಿಂದ ಕರೆದರು. ಎದ್ದು ಹೋಗುವ ಮೊದಲು ಡ್ರೈವರನ ಹೆಂಡತಿಗೆ ಹೇಳುವ ಮಾತು ಇದು:
ಇತ್ತಮ್ಮ. ಒಂದು ಬೋಟ್ ಇತ್ತು. ಅದು ನಮ್ಮ—