ಅಕ್ಕನ ಮುಂದೆ ಹೇಳಿದ ಸುಳ್ಳು

ಕಂಪ್ಲಿ
೧೧ ಫೆಬ್ರವರಿ ೨೦೦೮

ಚಿರಂಜೀವಿ ಸಿದ್ದಲಿಂಗೇಶನಿಗೆ,

ಚಿರಂಜೀವಿ ಎಂದು ಬರೆಯಲು ಕೈ ತಡೆಯಿತು. ಅಕ್ಕನಾಗಿ ಹುಟ್ಟಿದ ತಪ್ಪಿಗೆ ಬರೆದಿದ್ದೇನೆ. ಆರೋಗ್ಯವೇ ಎಂದು ನಿನ್ನನ್ನು ಕೇಳುವುದಿಲ್ಲ, ಕೇಳಿದರೆ ಸುಳ್ಳು ಹೇಳುತ್ತೀಯ. ನಿನ್ನ ಹೊಟ್ಟೆಯಲ್ಲಿರುವ ನನ್ನ ಕಿಡ್ನಿ ಆರೋಗ್ಯವೇ? ಇಲ್ಲಿ ಉಳಿದ ಒಂದರಲ್ಲಿ ನಾನು ಚೆನ್ನಾಗಿಯೇ ಇದ್ದೇನೆ. ನಿನ್ನ ಭಾವ ಎಂದಿನಂತೆ ಅಕ್ಕಿ ಗಿರಣಿಗೆ ಹೋಗಿದ್ದಾರೆ. ನಾನು ಫೋನ್ ಮಾಡಿದರೆ ನೀನು ಕಟ್ ಮಾಡುತ್ತೀಯ, ಅದಕ್ಕೇ ಈ ಕಾಗದ.

ಮೊನ್ನೆ ಸಂಡೂರಿನಿಂದ ನಿನ್ನ ಹೆಂಡತಿ ಶೈಲಶ್ರೀ ಫೋನ್ ಮಾಡಿ ಅತ್ತಳು. ಅದಿರು ಲಾರಿಗಳ ಹಿಂದೆ ಓಡಾಡುವಾಗ ನಿನಗೆ ಏದುಸಿರು ಬರುತ್ತಿದೆಯಂತೆ. ಆದರೂ ಸಿಗರೇಟು ಬಾಯಿಂದ ಇಳಿಯುವುದಿಲ್ಲವಂತೆ. ಬಿಡು ಎಂದರೆ, "ಕಂಪ್ಯೂಟರೇ ಹೇಳೈತಿ, ನನ್ನ ಹಾರ್ಟ್ ಮಸ್ತ್ ಐತಿ, ನೀ ಸುಮ್ಕಿರು" ಎನ್ನುತ್ತೀಯಂತೆ. ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

ಆ ಕಂಪ್ಯೂಟರ್ ಹೇಳಿದ ದಿನ ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆನಲ್ಲೋ! ಹೊಸಪೇಟೆಗೆ ತಿಂಗಳಿಗೊಮ್ಮೆ ಬರುವ ಡಾಕ್ಟರು ಬಿಡಿಸಿ ಹೇಳಿದ್ದರು. ಕಿಡ್ನಿ ಹಾಕಿಸಿಕೊಂಡವರಿಗೆ ಕಿಡ್ನಿ ನೆಟ್ಟಗಿದ್ದರೂ ಹೃದಯ ಕೈಕೊಡುವುದುಂಟಂತೆ. ಹಿಂದಿನ ಸಾವಿರಾರು ರೋಗಿಗಳಿಗೆ ಏನೇನಾಯಿತೆಂದು ಆ ಕಂಪ್ಯೂಟರಿಗೆ ಕಲಿಸಿದ್ದಾರಂತೆ, ನಮ್ಮ ವಿವರ ಕೊಟ್ಟರೆ ಅಪಾಯ ಎಷ್ಟೆಂದು ಅಂದಾಜು ಹೇಳುತ್ತದಂತೆ. ವಯಸ್ಸು, ಬಿಪಿ, ಸಕ್ಕರೆ ಎಲ್ಲ ಕೇಳಿದರು. ಸಿಗರೇಟು ಸೇದುತ್ತೀರಾ ಎಂದಾಗ ನೀನು ಒಮ್ಮೆ ನನ್ನ ಕಡೆ ನೋಡಿ, "ಛೇ ಛೇ, ಇಲ್ರೀ ಸಾಹೇಬ್ರ" ಎಂದೆ. ದೊಡ್ಡವರ ಮುಂದೆ ಸೇದುವುದಿಲ್ಲ, ಸೇದುತ್ತೇನೆಂದು ಹೇಳುವುದೂ ಇಲ್ಲ. ಎಂಥ ಮರ್ಯಾದಸ್ಥ! ಅಪಾಯ ಕಡಿಮೆ ಎಂದಿತು ಆ ಯಂತ್ರ. ನೀನು ಹೇಳಿದ್ದನ್ನು ಅದು ನಂಬಿತು. ನಾನೂ ನಂಬಿ, ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕಾಯಿ ಒಡೆಸಿ ಬಂದೆ.

ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದೆಂದು ಅಪ್ಪ ಬಡಕೊಳ್ಳುತ್ತಿದ್ದರು. ನಾಲ್ಕು ಲಾರಿ ಬಂದ ಮೇಲೆ ನಿನಗೆ ಅಪ್ಪನ ಮಾತೂ ಧೂಳಿಗೆ ಸಮವಾಯಿತು. ನಾನು ಆಪರೇಷನ್ನಿಗೆ ಹೊರಟಾಗ ನಮ್ಮತ್ತೆ, "ತಮ್ಮಗ ಕೊಟ್ಟು ನೀ ಸತ್ರ ನಿನ್ನ ಮಕ್ಕಳಿಗೆ ಯಾರು ದಿಕ್ಕು?" ಎಂದು ಓಣಿಗೆಲ್ಲ ಕೇಳುವಂತೆ ಅಂದಿದ್ದರು. ಅದನ್ನೆಲ್ಲ ನುಂಗಿಕೊಂಡು ಕೊಟ್ಟದ್ದು ನೀನು ಹೊಗೆ ಹಾಕಿ ಹಾಳುಮಾಡಲಿ ಎಂದಲ್ಲ. ನಿನ್ನನ್ನು ನೆನೆದರೆ ನನಗೀಗ ಬರುವುದು ಸಿಟ್ಟಲ್ಲ, ಹೇಸಿಗೆ. ಹರಿದು ಬಿಸಾಡಬೇಕೆನಿಸಿದರೆ ಪೂರ್ತಿ ಓದಿ ಬಿಸಾಡು.

ಶೈಲಶ್ರೀಗೂ ಮಗಳು ಐಶ್ವರ್ಯಳಿಗೂ ನನ್ನ ತುಂಬು ಆಶೀರ್ವಾದ. ನಿನಗೆ ಸದ್ಯಕ್ಕೆ ಇಲ್ಲ.

ನಿನ್ನ ಅಕ್ಕ,
ಚೆನ್ನಬಸಮ್ಮ

ತಾ.ಕ.: ಡಾಕ್ಟರು ಈ ಶನಿವಾರ ಹೊಸಪೇಟೆಗೆ ಬರುತ್ತಾರೆ. ನಿನಗೆ ಏದುಸಿರು ಎಂದು ಫೋನಿನಲ್ಲಿ ಹೇಳಿ ಹೆಸರು ಬರೆಸಿದ್ದೇನೆ. ಸಿಗರೇಟಿನ ವಿಷಯ ನಾನು ಎತ್ತಿಲ್ಲ, ಅದನ್ನು ನೀನೇ ಹೇಳಬೇಕು. ನಾನೂ ಬರುತ್ತೇನೆ, ಆದರೆ ಈ ಸಲ ಒಳಗೆ ಬರುವುದಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಬಾಗಿಲು ಹಾಕಿಕೊಂಡು ಎಲ್ಲ ಹೇಳಿಬಿಡೋ. ನನಗೆ ಕೇಳಿಸುವುದಿಲ್ಲ.